ಹ್ಯುಂಡೈ ಕಾರನ್ನು ನಂಬಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯುಂಡೈ ಬಗ್ಗೆ ಇಬ್ಬರು ಮಾಲೀಕರನ್ನು ಕೇಳಿದರೆ ಎರಡು ಬೇರೆ ಕಂಪನಿಗಳ ಬಗ್ಗೆ ಕೇಳಿದಂತೆ ಉತ್ತರ ಬರುತ್ತದೆ. ಒಬ್ಬರಿಗೆ ಹತ್ತು ವರ್ಷ ಒಮ್ಮೆಯೂ ಕೈಕೊಡದ ಕಾರು, ಇನ್ನೊಬ್ಬರಿಗೆ ಹೆದ್ದಾರಿಯ ನಡುವೆ ಎಂಜಿನ್ ನಿಂತುಹೋದ ಕಾರು. ಇಬ್ಬರೂ ಹೇಳುವುದು ನಿಜ. ಯಾವ ಎಂಜಿನ್, ಯಾವ ವರ್ಷ, ಯಾವ ದೇಶಕ್ಕೆಂದು ತಯಾರಾದದ್ದು ಎಂಬುದನ್ನು ಬಿಡಿಸಿ ನೋಡದೆ ಈ ಕಂಪನಿಯ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಇಲ್ಲಿ ಅಮೆರಿಕದ ವಿಷಯವೇ ಹೆಚ್ಚು ಬರುತ್ತದೆ. ಹ್ಯುಂಡೈ ಹೆಸರು ಮೊದಲು ಕೆಟ್ಟದ್ದು, ಆಮೇಲೆ ಎದ್ದು ನಿಂತದ್ದು, ಮತ್ತೆ ಪೆಟ್ಟು ತಿಂದದ್ದು ಎಲ್ಲವೂ ಹೆಚ್ಚಾಗಿ ಆ ಮಾರುಕಟ್ಟೆಯಲ್ಲಿ.

ಈ ಕಂಪನಿ ಶುರುವಾದದ್ದು ಹೇಗೆ?

ಚುಂಗ್ ಜು-ಯುಂಗ್ ಎಂಬ ಉದ್ಯಮಿ 1967ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹ್ಯುಂಡೈ ಮೋಟಾರ್ ಕಂಪನಿಯನ್ನು ಕಟ್ಟಿದರು. ರೈತ ಕುಟುಂಬದಿಂದ ಬಂದವರು ಅವರು. ‘ಹ್ಯುಂಡೈ’ ಎಂದರೆ ಕೊರಿಯನ್ ಭಾಷೆಯಲ್ಲಿ ಆಧುನಿಕ ಕಾಲ ಎಂದರ್ಥ. ಮೊದಲು ಫೋರ್ಡ್ ಕಾರುಗಳ ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು. ಸ್ವಂತ ಕಾರು ಬೇಕೆಂದು ಹೊರಟಾಗ ಬ್ರಿಟಿಷ್ ಲೇಲ್ಯಾಂಡ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾರ್ಜ್ ಟರ್ನ್‌ಬುಲ್ ಅವರನ್ನು ಕರೆತಂದರು. ವಿನ್ಯಾಸ ಇಟಲಿಯ ಜಾರ್ಜೆತ್ತೊ ಜುಜಾರೊ ಅವರದು, ಎಂಜಿನ್ ಜಪಾನಿನ ಮಿತ್ಸುಬಿಷಿಯದು. ಹೀಗೆ ಹುಟ್ಟಿದ ಪೋನಿ ಕಾರು 1974ರಲ್ಲಿ ಟ್ಯುರಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು, ಮರುವರ್ಷ ಉಲ್ಸಾನ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ತಿಳಿಯದ ವಿದ್ಯೆಯನ್ನು ಬಲ್ಲವರಿಂದ ಕಲಿಯಲು ಸಂಕೋಚಪಡದ ಈ ಗುಣ ಕಂಪನಿಯ ಕಥೆಯಲ್ಲಿ ಮುಂದೆಯೂ ಕಾಣುತ್ತದೆ.

ಒಂದು ಕಾಲದಲ್ಲಿ ಹ್ಯುಂಡೈ ಎಂದರೆ ಜನ ಮೂಗು ಮುರಿಯುತ್ತಿದ್ದರಂತೆ, ಹೌದೇ?

ಹೌದು, ಅದಕ್ಕೆ ಕಾರಣವೂ ಇತ್ತು. 1986ರಲ್ಲಿ ಎಕ್ಸೆಲ್ ಎಂಬ ಪುಟ್ಟ ಕಾರಿನೊಂದಿಗೆ ಹ್ಯುಂಡೈ ಅಮೆರಿಕಕ್ಕೆ ಕಾಲಿಟ್ಟಿತು. ಬೆಲೆ 4,995 ಡಾಲರ್. ಹಳೆಯ ಕಾರಿನ ದುಡ್ಡಿಗೆ ಹೊಸ ಕಾರು ಸಿಗುತ್ತಿದೆ ಎಂದು ಜನ ಮುಗಿಬಿದ್ದರು. ಮೊದಲ ವರ್ಷವೇ 1,68,882 ಕಾರು ಮಾರಾಟವಾದವು. ಆದರೆ ಕಾರು ಆ ಉತ್ಸಾಹವನ್ನು ತಾಳಿಕೊಳ್ಳಲಿಲ್ಲ. ತುಕ್ಕು ಹಿಡಿಯಿತು, ಬಿಡಿಭಾಗಗಳು ಬೇಗ ಸವೆದವು, ಕಾರು ರಿಪೇರಿಗೆಂದು ನಿಂತಲ್ಲೇ ನಿಲ್ಲತೊಡಗಿತು. ಸಾಲ ಮಾಡಿ ಕೊಂಡವರಲ್ಲಿ ಎಷ್ಟೋ ಮಂದಿಗೆ ಸಾಲದ ಕಂತು ಮುಗಿಯುವ ಮುನ್ನವೇ ಕಾರಿನ ಕಥೆ ಮುಗಿದಿತ್ತು.

ಇಂಥ ನೋವನ್ನು ಜನ ಬೇಗ ಮರೆಯುವುದಿಲ್ಲ. ಮೊದಲ ಕಾರು ಕೊಂಡ ಯುವ ದಂಪತಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಇಂಥವರೇ ಎಕ್ಸೆಲ್ ಕೊಂಡವರು. ಕೈಸುಟ್ಟುಕೊಂಡ ಮೇಲೆ ಅವರು ತಾವು ಕೊಳ್ಳುವುದನ್ನು ಬಿಟ್ಟರು, ಬಂಧುಗಳಿಗೂ ಬೇಡವೆಂದರು. 1987ರಲ್ಲಿ 2.6 ಲಕ್ಷ ದಾಟಿದ್ದ ಮಾರಾಟ 1998ರ ಹೊತ್ತಿಗೆ ಸುಮಾರು 90 ಸಾವಿರಕ್ಕೆ ಕುಸಿಯಿತು. ರಾತ್ರಿಯ ಟಿವಿ ಕಾರ್ಯಕ್ರಮಗಳಲ್ಲಿ ಹ್ಯುಂಡೈ ಹೆಸರು ಹೇಳಿದರೆ ಸಾಕು, ಸಭಿಕರು ನಗುತ್ತಿದ್ದರು.

ಹತ್ತು ವರ್ಷದ ವಾರಂಟಿಯಿಂದ ಎಲ್ಲ ಬದಲಾಯಿತು ಎನ್ನುತ್ತಾರೆ. ಅದೇನು?

1998ರ ಕೊನೆಯಲ್ಲಿ ಹ್ಯುಂಡೈ ಅಮೆರಿಕದಲ್ಲಿ ಒಂದು ಭರವಸೆ ಕೊಟ್ಟಿತು. ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1 ಲಕ್ಷ ಮೈಲಿ (ಸುಮಾರು 1.6 ಲಕ್ಷ ಕಿಲೋಮೀಟರ್) ವಾರಂಟಿ, ಇಡೀ ಕಾರಿಗೆ 5 ವರ್ಷ ಅಥವಾ 60 ಸಾವಿರ ಮೈಲಿ. ಒಳ್ಳೆಯ ಹೆಸರಿದ್ದ ಜಪಾನಿ ಕಂಪನಿಗಳೂ ಅಷ್ಟು ದೊಡ್ಡ ಮಾತು ಕೊಡುತ್ತಿರಲಿಲ್ಲ.

ಕೊಳ್ಳುವವರ ಭಯಕ್ಕೆ ಇದು ನೇರ ಉತ್ತರವಾಗಿತ್ತು. ‘ಕೆಟ್ಟರೆ ಏನು ಗತಿ’ ಎಂದು ಹಿಂಜರಿಯುತ್ತಿದ್ದವರಿಗೆ, ಕೆಟ್ಟರೆ ಖರ್ಚು ನಮ್ಮದು ಎಂದು ಕಂಪನಿ ಬರೆದುಕೊಟ್ಟಿತು. ಇದರ ಇನ್ನೊಂದು ಪರಿಣಾಮ ಕಾರ್ಖಾನೆಯ ಒಳಗೆ ಆಯಿತು. ಕಾರು ಏಳನೆಯ ವರ್ಷದಲ್ಲಿ ಕೆಟ್ಟರೂ ಬಿಲ್ಲು ತನ್ನ ಮೇಜಿಗೇ ಬರುತ್ತದೆ ಎಂದಾದಾಗ, ಕಾರನ್ನು ಸರಿಯಾಗಿ ಕಟ್ಟದೆ ಬೇರೆ ದಾರಿಯಿರಲಿಲ್ಲ. ಈ ಕಂಪನಿ ಮಾಡಿದ ಅತ್ಯಂತ ಧೈರ್ಯದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಗುಣಮಟ್ಟ ನಿಜವಾಗಿಯೂ ಸುಧಾರಿಸಿತೇ, ಅಥವಾ ಅದು ಜಾಹೀರಾತಿನ ಮಾತೇ?

ಸುಧಾರಿಸಿತು. ಸ್ಥಾಪಕರ ಮಗ ಚುಂಗ್ ಮೊಂಗ್-ಕೂ 1999ರ ಸುಮಾರಿಗೆ ಆಡಳಿತ ವಹಿಸಿಕೊಂಡರು. ಎಷ್ಟು ಕಾರು ತಯಾರಾದವು ಎಂಬ ಲೆಕ್ಕಕ್ಕಿಂತ ಅವು ಹೇಗೆ ತಯಾರಾದವು ಎಂಬುದನ್ನು ಮುಂದಿಟ್ಟರು. ಹೊಸ ಕಾರು ಕೊಂಡವರ ದೂರುಗಳನ್ನು ಎಣಿಸುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಕೊನೆಯ ಸಾಲುಗಳಲ್ಲಿದ್ದ ಹ್ಯುಂಡೈ, 2004ರಲ್ಲಿ ಹೋಂಡಾಕ್ಕೆ ಸರಿಸಮನಾಗಿ ಬಂದು ನಿಂತಾಗ ಉದ್ಯಮವೇ ಬೆರಗಾಯಿತು. 2005ರಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಕಾರ್ಖಾನೆ ತೆರೆಯಿತು. ಜೆನೆಸಿಸ್ ಸೆಡಾನ್ 2009ರ ಉತ್ತರ ಅಮೆರಿಕದ ವರ್ಷದ ಕಾರು ಎನಿಸಿಕೊಂಡಿತು.

ಅದೇ 2009ರ ಜನವರಿಯಲ್ಲಿ, ಆರ್ಥಿಕ ಕುಸಿತದಿಂದ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಳ್ಳುತ್ತಿದ್ದಾಗ, ಕಾರು ಕೊಂಡ ಒಂದು ವರ್ಷದೊಳಗೆ ನಿಮ್ಮ ಕೆಲಸ ಹೋದರೆ ಕಾರನ್ನು ಹಿಂದಿರುಗಿಸಬಹುದು ಎಂದು ಹ್ಯುಂಡೈ ಘೋಷಿಸಿತು. ಬೇರೆ ಕಂಪನಿಗಳ ಮಾರಾಟ ನೆಲಕಚ್ಚಿದ್ದಾಗ ಇದು ಜನರನ್ನು ಷೋರೂಮಿಗೆ ಕರೆತಂದಿತು. ಕಷ್ಟಕಾಲದಲ್ಲಿ ಜೊತೆಗೆ ನಿಂತವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಕಿಯಾ ಮತ್ತು ಹ್ಯುಂಡೈ ಒಂದೇ ಕಂಪನಿಯೇ?

ಬೇರೆ ಕಂಪನಿಗಳು, ಒಂದೇ ಸಮೂಹ. 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿನಲ್ಲಿ ಕಿಯಾ ದಿವಾಳಿಯಾದ ಮೇಲೆ 1998ರಲ್ಲಿ ಹ್ಯುಂಡೈ ಅದನ್ನು ಕೊಂಡಿತು. ಈಗ ಹ್ಯುಂಡೈ ಬಳಿ ಕಿಯಾದ ಸುಮಾರು ಮೂರನೇ ಒಂದು ಭಾಗ ಷೇರುಗಳಿವೆ. ಎಂಜಿನ್, ಗೇರ್‌ಬಾಕ್ಸ್, ಅಡಿಪಾಯದ ಚೌಕಟ್ಟು ಬಹುತೇಕ ಎರಡಕ್ಕೂ ಒಂದೇ. ಹೀಗಾಗಿ ಒಂದರಲ್ಲಿ ದೋಷ ಕಂಡರೆ ಇನ್ನೊಂದರಲ್ಲೂ ಹುಡುಕಬೇಕು. ಫೋಕ್ಸ್‌ವ್ಯಾಗನ್ ಸಮೂಹದಿಂದ 2006ರಲ್ಲಿ ಬಂದ ವಿನ್ಯಾಸಕ ಪೀಟರ್ ಶ್ರೇಯರ್ ಕಿಯಾ ಕಾರುಗಳಿಗೆ ಹೊಸ ಮುಖ ಕೊಟ್ಟರು. ಆಮೇಲೆ ಇಡೀ ಸಮೂಹದ ವಿನ್ಯಾಸ ಅವರ ಕೈಗೆ ಬಂತು.

ಎಂಜಿನ್ ಕಟ್ಟಿಕೊಳ್ಳುವ ತೊಂದರೆ ಎಂದು ಎಲ್ಲರೂ ಹೇಳುವುದು ಯಾವುದರ ಬಗ್ಗೆ?

ಥೀಟಾ-2 ಎಂಬ ಎಂಜಿನ್ ಬಗ್ಗೆ. 2.0 ಮತ್ತು 2.4 ಲೀಟರಿನ ಈ ಪೆಟ್ರೋಲ್ ಎಂಜಿನ್ 2011ರಿಂದ ಮುಂದಿನ ಸೊನಾಟಾ, ಸಾಂಟಾ ಫೆ, ಕಿಯಾ ಆಪ್ಟಿಮಾ, ಸೊರೆಂಟೊ, ಸ್ಪೋರ್ಟೇಜ್ ಮೊದಲಾದ ಕಾರುಗಳಲ್ಲಿತ್ತು. ಹ್ಯುಂಡೈ ಗಳಿಸಿದ್ದ ಹೆಸರಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಇದರಿಂದ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಂಜಿನ್ ಒಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ದಪ್ಪ ಉಕ್ಕಿನ ದಂಡ ತಿರುಗುತ್ತಿರುತ್ತದೆ. ಅದಕ್ಕೂ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್‌ಗೂ ನಡುವೆ ಬೇರಿಂಗ್ ಇರುತ್ತದೆ, ಬೇರಿಂಗ್ ಮೇಲೆ ಆಯಿಲಿನ ತೆಳುವಾದ ಪದರ ಇರುತ್ತದೆ. ಆ ಪದರ ಇರುವಷ್ಟು ಹೊತ್ತು ಲೋಹಕ್ಕೆ ಲೋಹ ತಾಗುವುದಿಲ್ಲ. ಆಯಿಲ್ ಬರುವುದು ಕ್ರ್ಯಾಂಕ್‌ಶಾಫ್ಟಿನಲ್ಲೇ ಕೊರೆದ ಸಣ್ಣ ರಂಧ್ರಗಳ ಮೂಲಕ. ಕೊರೆಯುವಾಗ ಉಳಿದ ಲೋಹದ ಚೂರುಗಳನ್ನು ಪೂರ್ತಿ ತೊಳೆದು ತೆಗೆಯದೆ ಬಿಟ್ಟದ್ದೇ ಮೂಲ ದೋಷ ಎಂದು 2015ರಲ್ಲಿ ಕಂಪನಿ ಒಪ್ಪಿಕೊಂಡಿತು. ಚೂರುಗಳು ರಂಧ್ರಕ್ಕೆ ಅಡ್ಡಬಂದರೆ ಬೇರಿಂಗಿಗೆ ಆಯಿಲ್ ತಲುಪುವುದಿಲ್ಲ. ಬೇರಿಂಗ್ ಸವೆಯುತ್ತದೆ, ಸದ್ದು ಶುರುವಾಗುತ್ತದೆ, ಕೊನೆಗೆ ಎಂಜಿನ್ ಕಟ್ಟಿಕೊಳ್ಳುತ್ತದೆ, ಅಂದರೆ ಒಳಗೇ ಬಿಗಿದು ನಿಂತುಹೋಗುತ್ತದೆ. ಕೆಲವು ಕಾರುಗಳಲ್ಲಿ ರಾಡ್ ಮುರಿದು ಎಂಜಿನ್ ಗೋಡೆಯನ್ನೇ ಸೀಳಿ, ಬಿಸಿ ಆಯಿಲ್ ಹೊರಚೆಲ್ಲಿ ಬೆಂಕಿ ಹತ್ತಿತು.

ಆ ವರ್ಷ ಅಮೆರಿಕದಲ್ಲಿ 2011 ಮತ್ತು 2012ರ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅದೇ ಎಂಜಿನ್ ಇದ್ದ ಉಳಿದ ಕಾರುಗಳ ಸರದಿ ಬಂದದ್ದು 2017ರಲ್ಲಿ. ಈ ಎರಡು ವರ್ಷದ ಅಂತರವೇ ನನಗೆ ಸಹಿಸಲಾಗದ ಸಂಗತಿ. ಕಂಪನಿಯ ಒಳಗೇ ಎಂಜಿನಿಯರ್ ಆಗಿದ್ದ ಕಿಮ್ ಗ್ವಾಂಗ್-ಹೊ, ಕರೆಸಿಕೊಳ್ಳಬೇಕಾದಷ್ಟು ಕಾರುಗಳನ್ನು ಕರೆಸಿಕೊಳ್ಳುತ್ತಿಲ್ಲ ಎಂದು 2016ರಲ್ಲಿ ದಾಖಲೆಗಳ ಸಮೇತ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಬಾಗಿಲು ತಟ್ಟಿದರು. ಅವರ ಕೆಲಸ ಹೋಯಿತು. ತನಿಖೆ ಮುಗಿದು 2020ರ ನವೆಂಬರ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಒಟ್ಟು 21 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಆ ಸಂಸ್ಥೆ ಕಿಮ್ ಅವರಿಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಕಾರಿನ ದೋಷ ಬಯಲಿಗೆಳೆದವರಿಗೆ ಅದು ಕೊಟ್ಟ ಮೊದಲ ಬಹುಮಾನ ಅದು.

ನನ್ನ ಕಾರಿನಲ್ಲಿ ಈ ತೊಂದರೆ ಶುರುವಾಗಿದೆಯೇ ಎಂದು ತಿಳಿಯುವುದು ಹೇಗೆ?

ಕಿವಿಯಿಂದ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನನ್ನು ಬೆಳಗ್ಗೆ ಚಾಲೂ ಮಾಡಿ, ಬಾನೆಟ್ ಎತ್ತಿ ಪಕ್ಕದಲ್ಲಿ ನಿಲ್ಲಿ. ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ಟಿಕ್ ಟಿಕ್ ಸದ್ದು ಹಗುರವಾಗಿ, ಮೇಲಿನಿಂದ ಬರುತ್ತದೆ. ಅದು ಸಹಜ, ಅದಕ್ಕೆ ಹೆದರಬೇಡಿ. ಬೇರಿಂಗ್ ಸವೆದ ಸದ್ದು ಕೆಳಗಿನಿಂದ, ಎಂಜಿನ್ ಹೊಟ್ಟೆಯಿಂದ ಬರುತ್ತದೆ. ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದಂತೆ ದಪ್ಪ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಬಡಿತದ ವೇಗ ಏರುತ್ತದೆ. ಇನ್ನು ಆಯಿಲ್ ಅಳೆಯುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು ಬಿಳಿ ಬಟ್ಟೆಗೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಆಯಿಲಿನಲ್ಲಿ ಬೆಳ್ಳಿಯ ಪುಡಿ ಉದುರಿಸಿದಂತೆ ಮಿಣುಕು ಕಂಡರೆ ಅದು ಬೇರಿಂಗಿನ ಲೋಹ. ಆಮೇಲೆ ಆ ಕಾರನ್ನು ಓಡಿಸಬೇಡಿ, ಸಾಗಿಸಿಕೊಂಡೇ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

ಆಯಿಲ್ ಮಟ್ಟ ಇಳಿಯುತ್ತಿದೆಯೇ ಎಂಬುದನ್ನೂ ಗಮನಿಸಬೇಕು. ಸರ್ವಿಸ್‌ನಿಂದ ಸರ್ವಿಸ್‌ವರೆಗೆ ಬಾನೆಟ್ ಎತ್ತದವರು ಅನೇಕರಿದ್ದಾರೆ. ಈ ಎಂಜಿನ್ ಇರುವವರು ಹಾಗೆ ಮಾಡುವಂತಿಲ್ಲ, ತಿಂಗಳಿಗೆ ಎರಡು ಸಲವಾದರೂ ಅಳೆಯಬೇಕು. ಸದ್ದು ಕಿವಿಗೆ ಕೇಳುವ ಮುನ್ನವೇ ಬಡಿತವನ್ನು ಗುರುತಿಸಿ ದೀಪ ಹೊತ್ತಿಸುವ ಸಾಫ್ಟ್‌ವೇರನ್ನು ಕಂಪನಿ ಉಚಿತವಾಗಿ ಹಾಕಿಕೊಟ್ಟಿತು. ಅದನ್ನು ಹಾಕಿಸಿಕೊಂಡಿರಬೇಕು. ಅಮೆರಿಕದಲ್ಲಿ ಮಾಲೀಕರು ಹೂಡಿದ ಮೊಕದ್ದಮೆಯ ರಾಜಿ ಒಪ್ಪಂದದಲ್ಲಿ ಬೇರಿಂಗ್ ದೋಷಕ್ಕೆ ಜೀವಿತಾವಧಿ ವಾರಂಟಿ ಸಿಗಲು ಇದೂ ಒಂದು ಷರತ್ತು.

ವಾರಂಟಿ ಇದ್ದರೂ ಮಾಲೀಕರು ಅಲೆದಾಡಿದ್ದೇಕೆ?

ಕಾಗದದ ಕಾರಣಕ್ಕೆ. ಎಂಜಿನ್ ಕಟ್ಟಿಕೊಂಡ ಕಾರು ಬಂದಾಗ ಡೀಲರುಗಳು ಆಯಿಲ್ ಬದಲಿಸಿದ ರಸೀದಿ ಕೇಳುತ್ತಿದ್ದರು. ಮನೆಯಲ್ಲೇ ಆಯಿಲ್ ಬದಲಿಸಿಕೊಂಡವರು, ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿದವರು, ರಸೀದಿ ಎಸೆದವರು ಸಿಕ್ಕಿಬಿದ್ದರು. ಆಯಿಲಿಗೆ ದಾರಿಯೇ ಇಲ್ಲದಂತೆ ಕಾರ್ಖಾನೆಯಲ್ಲಿ ಚೂರು ಉಳಿದಿದ್ದಾಗ, ಆಯಿಲ್ ಹಾಕಿಸಿದ್ದಕ್ಕೆ ಸಾಕ್ಷಿ ತನ್ನಿ ಎಂದು ಮಾಲೀಕರನ್ನು ಕೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಹೊಸ ಎಂಜಿನ್ ಮಂಜೂರಾದವರೂ ಅದು ಬರುವವರೆಗೆ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಕಾದರು.

ಹಾಗೆಂದು ಎಲ್ಲರಿಗೂ ಅದೇ ಅನುಭವವಾಗಲಿಲ್ಲ. ಒಂದು ಮಾತೂ ಆಡದೆ ಎಂಜಿನ್ ಬದಲಿಸಿ, ಅಷ್ಟು ದಿನಕ್ಕೆ ಓಡಾಡಲು ಬೇರೆ ಕಾರು ಕೊಟ್ಟ ಡೀಲರುಗಳೂ ಇದ್ದರು. ಅಂಥ ಕಡೆಯ ಮಾಲೀಕರು ಮತ್ತೆ ಹ್ಯುಂಡೈಯನ್ನೇ ಕೊಂಡರು. ದೋಷ ಒಂದೇ, ನಡೆಸಿಕೊಂಡ ರೀತಿ ಬೇರೆ.

ಮೈಲೇಜ್ ಸುಳ್ಳು ಹೇಳಿದ್ದರು ಎಂಬುದು ನಿಜವೇ?

2012ರ ನವೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪರೀಕ್ಷೆಯಲ್ಲಿ ಹ್ಯುಂಡೈ ಮತ್ತು ಕಿಯಾ ಸುಮಾರು 9 ಲಕ್ಷ ಕಾರುಗಳ ಮೈಲೇಜನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಿದ್ದು ಗೊತ್ತಾಯಿತು. ಕಂಪನಿ ಅದನ್ನು ಪರೀಕ್ಷಾ ವಿಧಾನದ ತಪ್ಪು ಎಂದಿತು. ಮಾಲೀಕರಿಗೆ ಆದ ಹೆಚ್ಚುವರಿ ಇಂಧನ ಖರ್ಚಿಗೆ ಶೇ 15 ಸೇರಿಸಿ ಡೆಬಿಟ್ ಕಾರ್ಡ್ ಮೂಲಕ ಕೊಟ್ಟಿತು, 2014ರಲ್ಲಿ 10 ಕೋಟಿ ಡಾಲರ್ ದಂಡವನ್ನೂ ಒಪ್ಪಿಕೊಂಡಿತು. ಎಂಜಿನ್ ಪ್ರಕರಣಕ್ಕೆ ಹೋಲಿಸಿದರೆ ಇಲ್ಲಿ ಪರಿಹಾರ ಬೇಗ ಸಿಕ್ಕಿತು.

ಅಮೆರಿಕದಲ್ಲಿ ಈ ಕಾರುಗಳೇ ಹೆಚ್ಚು ಕಳುವಾದವಲ್ಲ, ಯಾಕೆ?

ಒಂದು ಅಗ್ಗದ ಭಾಗವನ್ನು ಹಾಕದೆ ಬಿಟ್ಟದ್ದಕ್ಕೆ. ಇಮ್ಮೊಬಿಲೈಸರ್ ಇದ್ದರೆ ಕೀಲಿಯೊಳಗಿನ ಚಿಪ್ ಗುರುತಿಸದೆ ಎಂಜಿನ್ ಚಾಲೂ ಆಗುವುದಿಲ್ಲ. ಅಮೆರಿಕದ ಒಂದು ವಿಮಾ ಸಂಶೋಧನೆಯ ಪ್ರಕಾರ 2015ರಲ್ಲಿ ಬೇರೆ ಕಂಪನಿಗಳ ಶೇ 96ರಷ್ಟು ಮಾದರಿಗಳಲ್ಲಿ ಅದು ಮಾಮೂಲಿಯಾಗಿಯೇ ಬರುತ್ತಿತ್ತು. ಹ್ಯುಂಡೈ ಮತ್ತು ಕಿಯಾದಲ್ಲಿ ಶೇ 26ರಷ್ಟರಲ್ಲಿ ಮಾತ್ರ. ಕೆನಡಾದಲ್ಲಿ ಕಾನೂನು 2007ರಿಂದಲೇ ಅದನ್ನು ಕಡ್ಡಾಯ ಮಾಡಿದ್ದರಿಂದ ಅಲ್ಲಿ ಮಾರಿದ ಇದೇ ಕಾರುಗಳಲ್ಲಿ ಅದು ಇತ್ತು.

ಕಳ್ಳತನದ ವಿಧಾನ ವಿಡಿಯೋಗಳಲ್ಲಿ ಹರಡಿದ್ದೇ 2022ರಲ್ಲಿ ಹದಿಹರೆಯದ ಹುಡುಗರೂ ಕೈಹಾಕತೊಡಗಿದರು. ಬೆಳಗ್ಗೆ ಎದ್ದು ಬಂದ ಮಾಲೀಕರಿಗೆ ಸಿಗುತ್ತಿದ್ದದ್ದು ಒಡೆದ ಹಿಂಬದಿ ಗಾಜು, ಸೀಟಿನ ಮೇಲೆ ಚದುರಿದ ಗಾಜಿನ ಹರಳು, ಕಿತ್ತು ನೇತಾಡುವ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ. ಕಾರು ಅಲ್ಲೇ ಇದ್ದರೆ ಅದೇ ಪುಣ್ಯ. ಕದ್ದ ಕಾರುಗಳ ಅಪಘಾತದಲ್ಲಿ ಜೀವಗಳೂ ಹೋದವು. ಕೆಲವು ವಿಮಾ ಕಂಪನಿಗಳು ಕೆಲವು ನಗರಗಳಲ್ಲಿ ಈ ಮಾದರಿಗಳಿಗೆ ಹೊಸ ವಿಮೆ ಕೊಡುವುದನ್ನೇ ನಿಲ್ಲಿಸಿದವು. 2023ರ ಫೆಬ್ರವರಿಯಿಂದ ಕಂಪನಿ ಉಚಿತ ಸಾಫ್ಟ್‌ವೇರ್ ಹಾಕಿಕೊಟ್ಟಿತು, ಸ್ಟೀರಿಂಗ್ ಬೀಗಗಳನ್ನು ಹಂಚಿತು, ಅದೇ ವರ್ಷ ಸುಮಾರು 20 ಕೋಟಿ ಡಾಲರಿನ ಪರಿಹಾರ ಒಪ್ಪಂದಕ್ಕೆ ಬಂತು. ತಯಾರಿಕೆಯಲ್ಲಿ ಉಳಿಸಿದ ಕಾಸಿಗೆ ಬಡ ಮಾಲೀಕರು ಬೆಲೆ ತೆತ್ತರು. ಏಕೆಂದರೆ ಇಮ್ಮೊಬಿಲೈಸರ್ ಇಲ್ಲದೆ ಬಂದವು ಹೆಚ್ಚಾಗಿ ಅಗ್ಗದ ಮಾದರಿಗಳೇ.

ಎಲೆಕ್ಟ್ರಿಕ್ ಕಾರುಗಳು ಹೇಗಿವೆ?

ಕಾರಾಗಿ ನೋಡಿದರೆ ಬಹಳ ಚೆನ್ನಾಗಿವೆ. ಅಯೋನಿಕ್ 5 ಮತ್ತು ಕಿಯಾ ಇವಿ6 ಕಾರುಗಳು 800 ವೋಲ್ಟ್ ವ್ಯವಸ್ಥೆಯವು. ಸರಿಯಾದ ಅತಿವೇಗದ ಚಾರ್ಜರ್ ಸಿಕ್ಕರೆ ಬ್ಯಾಟರಿ ಶೇ 10ರಿಂದ 80ಕ್ಕೆ ಏರಲು 18 ನಿಮಿಷ ಸಾಕು. ಅಯೋನಿಕ್ 5ಕ್ಕೆ 2022ರಲ್ಲಿ, ಅಯೋನಿಕ್ 6ಕ್ಕೆ 2023ರಲ್ಲಿ, ಕಿಯಾ ಇವಿ9ಕ್ಕೆ 2024ರಲ್ಲಿ ವಿಶ್ವದ ವರ್ಷದ ಕಾರು ಪ್ರಶಸ್ತಿ ಬಂತು.

ದೋಷ ಇಲ್ಲಿಯೂ ಇದೆ. ಕೋನಾ ಎಲೆಕ್ಟ್ರಿಕ್ ಕಾರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 82 ಸಾವಿರ ವಾಹನಗಳ ಬ್ಯಾಟರಿ ಬದಲಿಸಲು ಕಂಪನಿ ಮುಂದಾಯಿತು, ಅಂದಾಜು 1 ಲಕ್ಷ ಕೋಟಿ ವಾನ್ ಖರ್ಚಿನಲ್ಲಿ. ಅಯೋನಿಕ್ 5 ತಲೆಮಾರಿನ ಕಾರುಗಳಲ್ಲಿ ತೊಂದರೆ ಕೊಡುವುದು ಐಸಿಸಿಯು ಎಂಬ ಚಾರ್ಜಿಂಗ್ ನಿಯಂತ್ರಣ ಘಟಕ. ಅದು ಕೆಟ್ಟರೆ ಸಣ್ಣ 12 ವೋಲ್ಟ್ ಬ್ಯಾಟರಿಗೆ ವಿದ್ಯುತ್ ಹೋಗುವುದಿಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಎಚ್ಚರಿಕೆಯ ದೀಪ ಹತ್ತಿ ಕಾರು ವೇಗ ಕಳೆದುಕೊಳ್ಳುತ್ತದೆ, ಕೊನೆಗೆ ನಿಲ್ಲುತ್ತದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಸುಮಾರು 1.47 ಲಕ್ಷ, ನವೆಂಬರ್‌ನಲ್ಲಿ 2 ಲಕ್ಷ ದಾಟಿದಷ್ಟು ವಾಹನಗಳನ್ನು ಇದಕ್ಕಾಗಿ ಕರೆಸಿಕೊಳ್ಳಲಾಯಿತು. ಕೊಳ್ಳುವವರು ಈ ದುರಸ್ತಿ ಆಗಿದೆಯೇ ಎಂದು ಮೊದಲು ಕೇಳಬೇಕು.

ಭಾರತದಲ್ಲಿ ಹೆಸರು ಕೆಟ್ಟಿರಲಿಲ್ಲವಲ್ಲ?

ಇಲ್ಲ, ಇಲ್ಲಿಯ ಕಥೆಯೇ ಬೇರೆ. 1996ರಲ್ಲಿ ಭಾರತಕ್ಕೆ ಬಂದು, ಶ್ರೀಪೆರಂಬದೂರು ಬಳಿಯ ಕಾರ್ಖಾನೆಯಿಂದ 1998ರಲ್ಲಿ ಸ್ಯಾಂಟ್ರೊ ಹೊರತಂದಿತು. ಎತ್ತರದ ಛಾವಣಿ, ಒಳಗೆ ವಿಶಾಲ ಜಾಗ, ಗಟ್ಟಿ ಎಂಜಿನ್. ಎಕ್ಸೆಲ್‌ನ ಕಹಿ ನೆನಪು ಇಲ್ಲಿ ಯಾರಿಗೂ ಇರಲಿಲ್ಲ. ಸ್ಯಾಂಟ್ರೊ, ಐ10, ಕ್ರೆಟಾ ಹೀಗೆ ಒಂದಾದ ಮೇಲೊಂದು ಮನೆಮಾತಾದವು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ಘಟಕ 27,870 ಕೋಟಿ ರೂಪಾಯಿಯ ಷೇರು ಮಾರಾಟಕ್ಕೆ ಬಂದಾಗ ದೇಶದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡದು ಅದಾಗಿತ್ತು. ಇಲ್ಲಿ ತಕರಾರು ಇದ್ದದ್ದು ಅಪಘಾತ ಸುರಕ್ಷತೆಯ ಬಗ್ಗೆ. 2020ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗ್ರ್ಯಾಂಡ್ ಐ10 ನಿಯೋಸ್‌ಗೆ ಎರಡೇ ನಕ್ಷತ್ರ ಸಿಕ್ಕಿತ್ತು, 2023ರಲ್ಲಿ ವರ್ನಾ ಐದೂ ನಕ್ಷತ್ರ ಪಡೆಯಿತು.

ಹಾಗಾದರೆ ಈಗ ಟೊಯೊಟಾಗೆ ಸಮ ಎನ್ನಬಹುದೇ?

ಗಾತ್ರದಲ್ಲಿ ಹತ್ತಿರ ಬಂದಿದೆ. 2022ರಲ್ಲಿ ಹ್ಯುಂಡೈ ಸಮೂಹ ಟೊಯೊಟಾ, ಫೋಕ್ಸ್‌ವ್ಯಾಗನ್ ನಂತರ ಜಗತ್ತಿನ ಮೂರನೆಯ ಸ್ಥಾನಕ್ಕೇರಿತು. ವಿನ್ಯಾಸದಲ್ಲಿ, ಎಲೆಕ್ಟ್ರಿಕ್ ತಂತ್ರಜ್ಞಾನದಲ್ಲಿ, ಕೊಟ್ಟ ದುಡ್ಡಿಗೆ ಸಿಗುವ ಸೌಲಭ್ಯದಲ್ಲಿ ಮುಂದಿದೆ ಎಂದೇ ಹೇಳುತ್ತೇನೆ. ಹದಿನೈದು ವರ್ಷ ಕಣ್ಣುಮುಚ್ಚಿ ಓಡಿಸಬಹುದೆಂಬ ನಂಬಿಕೆಯಲ್ಲಿ ಇನ್ನೂ ಸಮವಲ್ಲ. ಬ್ರೇಕ್ ನಿಯಂತ್ರಣ ಘಟಕದಲ್ಲಿ ಬೆಂಕಿಯ ಅಪಾಯವಿದೆ, ಕಾರನ್ನು ಕಟ್ಟಡದಿಂದ ದೂರ ನಿಲ್ಲಿಸಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ 33 ಲಕ್ಷಕ್ಕೂ ಹೆಚ್ಚು ಮಾಲೀಕರಿಗೆ ಸೂಚನೆ ಹೋಯಿತು. ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಲೂ ಹೆದರಬೇಕಾದ ಕಾರನ್ನು ಇಟ್ಟುಕೊಂಡ ಕುಟುಂಬಕ್ಕೆ ಪ್ರಶಸ್ತಿಗಳಿಂದ ಸಮಾಧಾನವಾಗುವುದಿಲ್ಲ.

ಹಳೆಯ ಹ್ಯುಂಡೈ ಕೊಳ್ಳಬೇಕೆಂದಿದ್ದೇನೆ, ಏನು ನೋಡಬೇಕು?

ಮೊದಲು ಯಾವ ಎಂಜಿನ್ ಎಂದು ಕೇಳಿ, ಬಣ್ಣ ಮತ್ತು ಸೀಟು ಆಮೇಲೆ. ಅಮೆರಿಕದಲ್ಲಾದರೆ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯನ್ನು ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ಬಾಕಿ ಉಳಿದ ದುರಸ್ತಿಗಳೆಲ್ಲ ಉಚಿತವಾಗಿ ಕಾಣುತ್ತವೆ. 10 ವರ್ಷದ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಸಾಮಾನ್ಯವಾಗಿ ಎರಡನೆಯವರಿಗೆ ಅದು 5 ವರ್ಷ, 60 ಸಾವಿರ ಮೈಲಿಗೆ ಇಳಿಯುತ್ತದೆ. ಮಾರುವವರು ಈ ಮಾತನ್ನು ತಾವಾಗಿ ಹೇಳುವುದು ಕಡಿಮೆ. ಸರ್ವಿಸ್ ರಸೀದಿಗಳನ್ನು ಒಂದೂ ಬಿಡದೆ ಕೇಳಿ ಪಡೆಯಿರಿ, ನಾಳೆ ಅವು ನಿಮಗೇ ಬೇಕಾಗುತ್ತವೆ.

ಇನ್ನು ಕಾರು ನೋಡಲು ಬೆಳಗ್ಗೆಯೇ ಹೋಗಿ. ನಾನು ಬರುವ ಮುನ್ನ ಎಂಜಿನ್ ಚಾಲೂ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿರಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ.